ಮಸಿ ಹಚ್ಚಿದ ಕೈ

ಪ್ರಾರ್ಥನಾ ಮನೆಯ ಗೋಡೆಗೆ ಈಗ ಒಂದು ಹಲಗೆ ಹೊಡೆದಿದ್ದಾರಂತೆ. ದೊರೆಯ ಮೇಲೆ ಮೊದಲು ಕೈ ಎತ್ತಿದ ವೀರರು ಎಂದು ಬರೆದು ಹದಿನೇಳು ಹೆಸರು ಕೆತ್ತಿದ್ದಾರಂತೆ. ಆ ಹದಿನೇಳು ಮುಖಗಳನ್ನೂ ನಾನು ಬಲ್ಲೆ. ಕೈಯಲ್ಲಿ ಮುಟ್ಟಿ ಬಲ್ಲೆ. ಯಾರ ಗಲ್ಲದಲ್ಲಿ ಗುಳಿ ಇತ್ತು, ಯಾರ ಹುಬ್ಬು ಕುಲುಮೆಯ ಕಿಡಿಗೆ ಸುಟ್ಟಿತ್ತು, ಯಾರು ಹೆದರಿ ಬೆವರುತ್ತಿದ್ದರು, ಎಲ್ಲ ಗೊತ್ತು. ಜೂಬಾನ ಹೆಸರು ಆ ಹಲಗೆಯ ಮೇಲಿಲ್ಲ. ಇರಲಿ ಎಂದು ನಾನು ಕೇಳುವುದೂ ಇಲ್ಲ. ಆದರೆ ವೀರರ ಕತೆಯನ್ನು ಅರ್ಧ ಹೇಳಿ ಅರ್ಧ ನುಂಗಿದರೆ ನನಗೆ ಮೈ ಉರಿಯುತ್ತದೆ. ನುಂಗಿದ ಅರ್ಧ ನಾನು ಹೇಳುತ್ತೇನೆ.

ನನ್ನ ಹೆಸರು ಜಿಲ್ಪಾ. ನ್ಯೂ ಹ್ಯಾಂಪ್‌ಶೈರಿನ ಆ ಹಳ್ಳಿಯಲ್ಲಿ ಏಸಾ ಥರ್ಬರ್ ಎಂಬವನ ಅಡಿಗೆಮನೆಯಲ್ಲಿ ದುಡಿಯುತ್ತಿದ್ದೆ. ದುಡಿಯುತ್ತಿದ್ದೆ ಅಂದರೆ ಸಂಬಳಕ್ಕಲ್ಲ. ನಾನು ಅವನ ಸೊತ್ತು. ಕೊಟ್ಟಿಗೆಯ ಎತ್ತು, ಅಟ್ಟದ ಮುಸುಕಿನ ಜೋಳ, ಒಲೆಯ ಮುಂದಿನ ಜಿಲ್ಪಾ, ಎಲ್ಲ ಅವನವೇ. ನನ್ನ ಗಂಡ ಜೂಬಾನೂ ಅವನ ಸೊತ್ತೇ. ಥರ್ಬರನಿಗೆ ಹೊಳೆದಂಡೆಯಲ್ಲಿ ಮರ ಕೊಯ್ಯುವ ಗಿರಣಿ ಇತ್ತು. ಪ್ರಾರ್ಥನಾ ಮನೆಯಲ್ಲಿ ಅವನು ಹಿರಿಯ. ಮುಂದಿನ ಸಾಲು ಅವನದು.

ಚಳಿಗಾಲ ಪೂರ್ತಿ ಜೂಬಾ ಕಾಡಿನಲ್ಲಿ ಪೈನ್ ಮರ ಕಡಿಯುತ್ತಿದ್ದ. ಸೊಂಟದ ಮಟ್ಟ ಹಿಮ. ಕಡಿದ ಮರವನ್ನು ಎತ್ತು ಕಟ್ಟಿ ಹಿಮದ ಮೇಲೆ ಎಳೆದು ತಂದು ಗಿರಣಿಯ ಕಟ್ಟೆಯ ನೀರಿಗೆ ಉರುಳಿಸಬೇಕು. ವಸಂತದಲ್ಲಿ ಹಿಮ ಕರಗಿ ಹೊಳೆ ತುಂಬುತ್ತದೆ. ಮೂರು ವಾರ, ಹೆಚ್ಚೆಂದರೆ ನಾಲ್ಕು ವಾರ ಕಟ್ಟೆಯಲ್ಲಿ ಗರಗಸ ತಿರುಗಿಸುವಷ್ಟು ನೀರಿರುತ್ತದೆ. ಅಷ್ಟರಲ್ಲಿ ಕೊಯ್ದರೆ ಕೊಯ್ದಂತೆ. ಜೂಬಾ ಎದೆಮಟ್ಟದ ಹಿಮನೀರಿನಲ್ಲಿ ನಿಂತು ದಿಮ್ಮಿ ತಳ್ಳುತ್ತಿದ್ದ. ಮೇಲೆ ಬಂದು, ಗರಗಸದ ಚಕ್ರಕ್ಕೆ ನೀರು ಬಿಡುವ ತೂಬು ಎತ್ತುತ್ತಿದ್ದ. ಗರಗಸಕ್ಕೆ ದಿಮ್ಮಿ ಉಣಿಸುತ್ತಿದ್ದ. ಅವನ ಎಡಗೈಯ ಎರಡು ಬೆರಳನ್ನು ಆ ಗರಗಸವೇ ತಿಂದಿತ್ತು. ಬೆರಳು ಹೋದ ದಿನ ಥರ್ಬರ್ ಬಂದು ನೋಡಿ, "ಹೆಬ್ಬೆರಳು ಉಳೀತಲ್ಲ, ದೇವರ ದಯೆ," ಎಂದು ಹೇಳಿ ಹೋದ. ಜೂಬಾ ಬಟ್ಟೆ ಸುತ್ತಿಕೊಂಡು ಸಂಜೆಯವರೆಗೆ ಕೊಯ್ದ. ಆ ಊರಿನಲ್ಲಿ ಆ ಗರಗಸ ನಡೆಸಲು ಬರುತ್ತಿದ್ದದ್ದು ಅವನೊಬ್ಬನಿಗೇ.

ಈಗ ಮರದ ಕಾನೂನು ಕೇಳಿ. ಒಂದಡಿಗಿಂತ ದಪ್ಪದ ಬಿಳಿ ಪೈನ್ ಮರ ಎಲ್ಲಿದ್ದರೂ, ಕಡಲಾಚೆಯಿಂದ ನಮ್ಮ ಸೀಮೆ ಆಳುತ್ತಿದ್ದ ಲಂಡನ್ನಿನ ದೊರೆಯದು, ಅವನ ಹಡಗಿನ ಕಂಬಕ್ಕೆ. ನಿಮ್ಮ ಹಿತ್ತಲಲ್ಲಿ ಬೆಳೆದರೂ ಅವನದೇ. ಕಡಿಯುವ ಮೊದಲು ಕಾಸು ಕಟ್ಟಿ ಅಪ್ಪಣೆ ತರಬೇಕು. ಇಲ್ಲದಿದ್ದರೆ ದೊರೆಯ ಆಳುಗಳು ಬಂದು ದಿಮ್ಮಿಯ ಮೇಲೆ ಕೊಡಲಿಯಿಂದ ಮೂರು ಕಚ್ಚು ಹೊಡೆಯುತ್ತಾರೆ, ಬಾಣದ ಹಾಗೆ. ಬಾಣ ಬಿದ್ದ ದಿಮ್ಮಿ ದೊರೆಯ ಪಾಲು. ಕಡಿದವನಿಗೆ ದಂಡ. ಆ ವಸಂತದಲ್ಲಿ ಥರ್ಬರನ ಕಟ್ಟೆಯಲ್ಲಿದ್ದ ದಪ್ಪ ದಿಮ್ಮಿಗಳ ಮೇಲೆಲ್ಲ ಬಾಣ ಬಿತ್ತು.

ಊರೇ ಕುದಿಯಿತು. ಪ್ರಾರ್ಥನೆ ಮುಗಿದ ಮೇಲೆ ಗಂಡಸರೆಲ್ಲ ನಮ್ಮ ಅಡಿಗೆಮನೆಯಲ್ಲಿ ಸೇರುತ್ತಿದ್ದರು. ಸೇಬಿನ ಹೆಂಡ ಸುರಿಯುವವಳು ನಾನು.

"ಕಂದಾಯ ಹಾಕೋರು ಅವ್ರು, ಕಟ್ಟೋರು ನಾವು. ನಮ್ಮನ್ನ ಯಾವನಾದ್ರೂ ಒಂದು ಮಾತು ಕೇಳಿದ್ನಾ?" ಎಂದ ಕಮ್ಮಾರ ಎನಕ್ ಕೋಲ್ಬಿ. ಹುಬ್ಬು ಸುಟ್ಟಿದ್ದದ್ದು ಇವನದೇ.

"ಕಾಗದಕ್ಕೆ ಕಂದಾಯ, ಚಹಾಕ್ಕೆ ಕಂದಾಯ, ಈಗ ಮರಕ್ಕೆ. ನಾಳೆ ಉಸಿರಾಡೋಕೂ ಚೀಟಿ ತಗೋಬೇಕಾಗುತ್ತೆ," ಎಂದ ಇನ್ನೊಬ್ಬ.

ಥರ್ಬರ್ ಮೇಜು ಗುದ್ದಿದ. "ನಮ್ಮ ಬೆವರು ಸುರಿಸಿ ಕಡಿದ ಮರ ಅದು! ಬಂದು ಬಾಣ ಹೊಡೆದು ಹೋಗ್ತಾನೆ ಅಂದ್ರೆ, ನಾವೇನು ಅವ್ನ ಗುಲಾಮರಾ?"

"ಅಲ್ಲ!" ಎಂದು ಎಲ್ಲರೂ ಕೂಗಿದರು.

"ಏ ಜಿಲ್ಪಾ, ಎಲ್ಲಿ ಸತ್ತೆ? ಹೂಜಿ ಬರಿದಾಗಿದ್ದು ಕಾಣಲ್ವಾ?"

ನಾನು ಹೂಜಿ ತುಂಬಿ ತಂದೆ. ನಮ್ಮ ಬೆವರಂತೆ! ಥರ್ಬರನ ಹಣೆಯಲ್ಲಿ ಬೆವರು ಬಂದದ್ದನ್ನು ನಾನು ಕಂಡದ್ದು ಹಂದಿಮಾಂಸ ತಿನ್ನುವಾಗ ಮಾತ್ರ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುಮ್ಮನೆ ಸುರಿದೆ.

ವಾರ ಕಳೆಯುವುದರಲ್ಲಿ ಥರ್ಬರನನ್ನು ಹಿಡಿದು ಒಯ್ಯಲು ದೊರೆಯ ಅಧಿಕಾರಿ ಬಂದ. ಪ್ಲಮರ್ ಎಂದು ಹೆಸರು. ಬೆಳಿಗ್ಗೆ ಜಾಮೀನು ತಂದು ಕೊಡುತ್ತೇನೆಂದು ಥರ್ಬರ್ ನಯವಾಗಿ ಹೇಳಿ ಕಳಿಸಿದ. ಅಧಿಕಾರಿ ಒಪ್ಪಿ ಹೆಂಡದಂಗಡಿಯ ಮಹಡಿಯಲ್ಲಿ ಉಳಿದ. ಕೋಳಿ ಕೂಗುವ ಹೊತ್ತಿಗೆ ಥರ್ಬರನೂ ಸೇರಿ ಹದಿನೇಳು ಗಂಡಸರು ನನ್ನ ಒಲೆಯ ಮುಂದೆ ನಿಂತಿದ್ದರು.

ಮುಖಕ್ಕೆ ಮಸಿ ಬೇಕಾಗಿತ್ತು. ಗುರುತು ಸಿಗಬಾರದಲ್ಲ. ಹೊಗೆಗೂಡಿನ ಮಸಿ ಕೆರೆದು ಹಂದಿ ಕೊಬ್ಬಿನಲ್ಲಿ ಕಲಸಿದೆ. ಕೋಲ್ಬಿ ಬಗ್ಗಿ ನೋಡಿದ.

"ಕೊಬ್ಬು ಬೆವರಿಗೆ ಇಳಿದುಹೋಗುತ್ತೆ ಕಣೇ. ಪೈನ್ ರಾಳ ಹಾಕಿ ಕಲಸು."

"ರಾಳ ಹಾಕಿದ್ರೆ ಆಮೇಲೆ ಹೋಗಲ್ಲ ಧಣಿ. ಚರ್ಮ ಕಿತ್ಕೊಂಡು ಬರುತ್ತೆ," ಎಂದೆ. ಇಪ್ಪತ್ತು ವರ್ಷ ಪಾತ್ರೆ ತಿಕ್ಕಿದ ಕೈ ನನ್ನದು. ಯಾವ ಕರಿ ಯಾವುದಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲದೆ ಅವನಿಗೆ ಗೊತ್ತೇ?

"ನೀನು ನಮಗೆ ಹೇಳ್ಕೊಡೋಕೆ ಬರ್ಬೇಡ," ಎಂದ ಥರ್ಬರ್. "ಹಾಕು ಅಂದ್ರೆ ಹಾಕು."

ಹಾಕಿದೆ. ಒಂದು ಸೌಟು ಜಾಸ್ತಿಯೇ ಹಾಕಿದೆ.

ಒಬ್ಬೊಬ್ಬರಾಗಿ ಬಂದು ಮುಖ ಒಡ್ಡಿದರು. ಅಲ್ಲಿಯವರೆಗೆ ಅವರ ತಟ್ಟೆ ಮುಟ್ಟಿದ್ದೆ, ಬೂಟು ಮುಟ್ಟಿದ್ದೆ, ಅವರ ಮಲದ ಕುಂಡ ಹೊತ್ತಿದ್ದೆ. ಮುಖ ಮುಟ್ಟಿರಲಿಲ್ಲ. ನನ್ನ ಕೈ ತಗಲಿದಾಗ ಕೆಲವರು ಕಣ್ಣು ಮುಚ್ಚಿಕೊಂಡರು. ಒಬ್ಬ ಮೂಗು ಸೊಟ್ಟ ಮಾಡಿದ.

"ಇನ್ನೂ ಹಚ್ಚು ಜಿಲ್ಪಾ, ನಿನ್ನಷ್ಟು ಆಗ್ಬೇಕು," ಎಂದ ಅವನು.

"ಇವಳ ಗಂಡನಿಗೆ ಈ ತಾಪತ್ರಯ ಇಲ್ಲ ನೋಡು," ಎಂದ ಕೋಲ್ಬಿ. "ಹುಟ್ತಾನೇ ಹಚ್ಕೊಂಡು ಬಂದವ್ನೆ."

ಹದಿನೇಳು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಪ್ಪು ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಂಡಿತು. ನನ್ನ ಕೈ ನಿಲ್ಲಲಿಲ್ಲ. ನಿಂತಿದ್ದರೆ ಆ ಮಸಿಯ ಕೊಪ್ಪರಿಗೆ ಎತ್ತಿ ಯಾರ ತಲೆಯ ಮೇಲಾದರೂ ಸುರಿಯುತ್ತಿದ್ದೆನೇನೋ.

ಜೂಬಾ ಅಲ್ಲಿರಲಿಲ್ಲ. ಅವನನ್ನು ಥರ್ಬರ್ ರಾತ್ರಿಯೇ ಗಿರಣಿಗೆ ಅಟ್ಟಿದ್ದ. ಬಾಣ ಬಿದ್ದ ದಿಮ್ಮಿಗಳನ್ನು ಬೆಳಗಾಗುವುದರೊಳಗೆ ಹಲಗೆ ಮಾಡಬೇಕು, ಬಾಣದ ಗುರುತಿನ ಚಕ್ಕೆಗಳನ್ನು ಒಲೆಗೆ ಹಾಕಬೇಕು. ಗಂಡಸರು ಕೋಲು ಹಿಡಿದು ಹೊರಟಾಗ ಹೊಳೆಯ ಕಡೆಯಿಂದ ಗರಗಸದ ಸದ್ದು ಬರುತ್ತಿತ್ತು. ಊರಿನ ಪ್ರತಿ ಮನೆಯ ಹಾಸಿಗೆಗೂ ಆ ಸದ್ದು ಕೇಳುತ್ತದೆ. ಗರಗಸ ನಡೆಯುತ್ತಿದ್ದರೆ ಜೂಬಾ ಅಲ್ಲಿದ್ದಾನೆ ಎಂದು ಎಳೆ ಮಗುವಿಗೂ ಗೊತ್ತು.

ಅಧಿಕಾರಿಯನ್ನು ಹಾಸಿಗೆಯಿಂದ ಎಳೆದು ಕೈಕಾಲು ಹಿಡಿದು ಮೇಲೆತ್ತಿ ಕೋಲಿನಲ್ಲಿ ಬಾರಿಸಿದರು. ಒಂದು ದಿಮ್ಮಿಗೆ ಒಂದು ಏಟು. ಅವನ ಕುದುರೆಯ ಕಿವಿ ಕತ್ತರಿಸಿದರು, ಬಾಲ ಬೋಳಿಸಿದರು. ನಮ್ಮ ಅಂಗಳದ ಮುಂದೆಯೇ ಅದನ್ನು ಅಟ್ಟಿಕೊಂಡು ಹೋದರು. ಕುದುರೆಯ ಕತ್ತಿನ ಮೇಲೆ ರಕ್ತ ಇಳಿಯುತ್ತಿತ್ತು. ಅಧಿಕಾರಿ ಹೊಡೆತ ತಿಂದದ್ದಕ್ಕೆ ನನಗೇನೂ ಮರುಕ ಬರಲಿಲ್ಲ. ಆದರೆ ಕುದುರೆ ಯಾರ ಮೇಲೆ ಕಂದಾಯ ಹಾಕಿತ್ತು? ಅದನ್ನು ನೋಡಿ ಸಂಕಟವಾಯಿತು.

ಆಮೇಲೆ ವೀರರು ಮುಖ ತೊಳೆಯಲು ಹೊಳೆಗೆ ಹೋದರು.

ಮಸಿ ಹೋಗಲಿಲ್ಲ! ತಣ್ಣೀರಿಗೆ ರಾಳ ಇನ್ನಷ್ಟು ಬಿಗಿಯಿತು. ಮರಳು ಹಾಕಿ ತಿಕ್ಕಿದರು. ಬೂದಿ ನೀರು ಹಾಕಿ ತಿಕ್ಕಿದರು. ಕೋಲ್ಬಿ ಕುದುರೆ ಉಜ್ಜುವ ಬ್ರಷ್ಷಿನಲ್ಲಿ ತಿಕ್ಕಿಕೊಂಡು ಕೆನ್ನೆಯ ಚರ್ಮ ಕಿತ್ತುಕೊಂಡ. ಮೂರು ದಿನ ಊರಿನ ಹೆಂಗಸರಿಗೆಲ್ಲ ಗಂಡಂದಿರ ಮುಖ ತಿಕ್ಕುವುದೇ ಕೆಲಸ. ಬಿಳಿ ಜನ ಕೆಂಪಾದರು, ಬೆಳ್ಳಗಾಗಲಿಲ್ಲ. ಕಿವಿಯ ಹಿಂದೆ, ಮೂಗಿನ ಸಂದಿಯಲ್ಲಿ, ರೆಪ್ಪೆಯ ಬುಡದಲ್ಲಿ ಕಪ್ಪು ಹಾಗೇ ಕೂತಿತ್ತು. ಒಂದು ದಿನಕ್ಕಾಗಿ ನಮ್ಮ ಬಣ್ಣ ಸಾಲ ತಗೊಂಡಿದ್ದರು. ಮೂರು ದಿನಕ್ಕೇ ಅವರಿಗೆ ಸಾಕಾಗಿಹೋಗಿತ್ತು.

ಶನಿವಾರ ಮಧ್ಯಾಹ್ನ ಸುದ್ದಿ ಬಂತು. ಅಧಿಕಾರಿ ಬಂದೂಕಿನವರನ್ನು ಕಟ್ಟಿಕೊಂಡು ನಾಳೆ ಬರುತ್ತಾನೆ. ಥರ್ಬರ್ ಅಡಿಗೆಮನೆಗೆ ಬಂದ. ಜೂಬಾ ಒಲೆಯ ಪಕ್ಕ ಕುಳಿತು ಅಂಬಲಿ ಕುಡಿಯುತ್ತಿದ್ದ. ಥರ್ಬರ್ ಮಣೆ ಎಳೆದುಕೊಂಡು ಅವನ ಎದುರಿಗೇ ಕುಳಿತ. ಜೂಬಾ ಆ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಹಾಗೆ ಕುಳಿತದ್ದು ಅದೇ ಮೊದಲು.

"ಜೂಬಾ, ಊರಿಗೆ ಕಷ್ಟ ಬಂದಿದೆಯಪ್ಪಾ."

ಅಪ್ಪಾ ಎಂದ! ಲೋ, ಬಾರೋ, ಸಾಯೋ ಬಿಟ್ಟರೆ ಬೇರೆ ಮಾತು ಅವನ ಬಾಯಲ್ಲಿ ನಾವು ಕೇಳಿರಲಿಲ್ಲ.

"ಅಧಿಕಾರಿ ಕಪ್ಪು ಮುಖ ನೋಡಿದಾನೆ. ನೀನು ಹೂಂ ಅಂದ್ಬಿಟ್ರೆ ಎಲ್ಲಾರೂ ಬದುಕ್ಕೋತೀವಿ. ಪಕ್ಕದೂರಿನ ಪೋಕರಿಗಳು ಬಂದಿದ್ರು, ಜೊತೆಗೆ ನಾನಿದ್ದೆ ಅನ್ನು. ನಾಲ್ಕು ಏಟು ಹೊಡೆದು ಬಿಡ್ತಾರೆ. ನಿನ್ನ ಮೈ ಗಟ್ಟಿ. ವಾಪಸ್ ಬಂದ ಮೇಲೆ ನಿನ್ನ ಬಿಡುಗಡೆ ಕಾಗದ ನಾನೇ ಬರೆದು ಕೊಡ್ತೀನಿ."

ವಾಪಸ್ ಬಂದ ಮೇಲೆ! ದೊರೆಯ ಅಧಿಕಾರಿಯ ಮೇಲೆ ಕೈ ಮಾಡಿದ ಕರಿಯ ವಾಪಸ್ ಬಂದದ್ದನ್ನು ಯಾರು ಕಂಡಿದ್ದಾರೆ? ಕಟ್ಟಿ ಹೊಡೆಯುತ್ತಾರೆ. ಆಮೇಲೆ ಬಂದರಿಗೆ ಸಾಗಿಸಿ ಕಬ್ಬಿನ ದ್ವೀಪದ ಹಡಗು ಹತ್ತಿಸುತ್ತಾರೆ. ಅಲ್ಲಿ ಕಬ್ಬು ಅರೆಯುವ ಗಾಣಕ್ಕೆ ಹೋದವನ ಆಯಸ್ಸು ಐದು ವರ್ಷ, ಆರು ವರ್ಷ. ನನ್ನ ಅಣ್ಣ ಹಾಗೇ ಹೋದ. ಅವನು ಸತ್ತ ಸುದ್ದಿ ಕೂಡ ನಮಗೆ ಬರಲಿಲ್ಲ.

ಜೂಬಾ ಬಟ್ಟಲು ಕೆಳಗಿಟ್ಟ. "ನಾನು ಅಲ್ಲಿರ್ಲಿಲ್ಲ, ಧಣಿ. ನೀವೇ ಗಿರಣಿಗೆ ಕಳಿಸಿದ್ರಿ."

"ಗೊತ್ತು ಕಣಯ್ಯಾ. ನೀನಿದ್ದೆ ಅಂತ ನಾನೇನು ಅಂದ್ನಾ? ಇದ್ದೆ ಅಂತ ನೀನು ಹೇಳು ಅಂತಿದೀನಿ ಅಷ್ಟೇ. ಇದು ನಮ್ಮೆಲ್ಲರ ಸ್ವಾತಂತ್ರ್ಯದ ವಿಷಯ."

ನನಗೆ ತಡೆಯಲಾಗಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಹೊಡೆದೋರು ನೀವು, ಹೊಡೆಸ್ಕೊಳ್ಳೋನು ಇವ್ನಾ?"

"ನೀನು ಬಾಯಿ ಮುಚ್ಚು."

"ಇಲ್ಲ, ಧಣಿ," ಎಂದ ಜೂಬಾ. ಗಟ್ಟಿಯಾಗಿ ಅಲ್ಲ. ಸಾಧಾರಣ ದನಿಯಲ್ಲೇ. "ನಾನು ಹೇಳಲ್ಲ."

ಥರ್ಬರ್ ಎದ್ದ. ಮಣೆಯನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದ. "ಕೇಳಿದ್ದು ಮರ್ಯಾದೆಗೆ. ನೀನು ಹೂಂ ಅಂದ್ರೂ ಅಷ್ಟೇ, ಉಹೂಂ ಅಂದ್ರೂ ಅಷ್ಟೇ. ಹೇಳೋನು ನಾನು."

ಅವನು ಹೋದ ಮೇಲೆ ಜೂಬಾ ಉಳಿದ ಅಂಬಲಿ ಕುಡಿದ. ನಾನು ಅವನ ಮೂರು ಬೆರಳಿನ ಕೈ ಹಿಡಿದುಕೊಂಡೆ. ಅಳಲಿಲ್ಲ. ಅಳುವಷ್ಟು ಪುರಸೊತ್ತು ಇರಲಿಲ್ಲ. ನಾಳೆ ಬೆಳಿಗ್ಗೆಯೊಳಗೆ ಏನಾದರೂ ಯೋಚಿಸಬೇಕಾಗಿತ್ತು.

ಭಾನುವಾರ. ಪ್ರಾರ್ಥನಾ ಮನೆಯಲ್ಲಿ ಕೆಳಗೆ ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು. ಕರಿಯರಿಗೆ ಮೇಲೆ ಅಟ್ಟದ ಹಿಂದಿನ ಬೆಂಚು. ಅಲ್ಲಿಂದ ದೇವರು ಕಾಣುವುದಿಲ್ಲ, ಬಿಳಿಯರ ನೆತ್ತಿ ಕಾಣುತ್ತದೆ. ಹೆಂಗಸು ಅಲ್ಲಿ ಬಾಯಿ ತೆರೆಯುವ ಹಾಗಿಲ್ಲ. ಕರಿಯಳಾದರೆ ಕೆಮ್ಮುವ ಹಾಗೂ ಇಲ್ಲ.

ಪಾದ್ರಿಯ ಮಾತು ಅರ್ಧದಲ್ಲಿರುವಾಗ ಬಾಗಿಲು ತೆರೆಯಿತು. ಅಧಿಕಾರಿ ಒಳಗೆ ಬಂದ, ಹಿಂದೆ ಹನ್ನೆರಡು ಬಂದೂಕು. ಬೆನ್ನಿನ ಗಾಯಕ್ಕೆ ಅವನು ಸೆಟೆದುಕೊಂಡೇ ನಡೆಯುತ್ತಿದ್ದ.

"ನನ್ನ ಮೇಲೆ ಕೈ ಮಾಡಿದೋರ ಮುಖ ಕಪ್ಪಾಗಿತ್ತು," ಎಂದ. "ಯಾರು? ಹೇಳದಿದ್ರೆ ಇಡೀ ಊರಿಗೆ ದಂಡ."

ಅವನ ಕಣ್ಣೆದುರಿಗೇ ಹದಿನೇಳು ತಿಕ್ಕಿ ಕೆಂಪಾದ ಮುಖಗಳು. ಹದಿನೇಳು ಜೊತೆ ಕರಿ ಕಿವಿಗಳು. ಅವನಿಗೆ ಕಾಣಲಿಲ್ಲವೇ? ಕಂಡಿತು. ಆದರೆ ಹದಿನೇಳು ಬಿಳಿಯರನ್ನು ಕಟ್ಟಿಕೊಂಡು ಹೋದರೆ ದಾರಿಯುದ್ದಕ್ಕೂ ಕಲ್ಲು ಬೀಳುತ್ತವೆ. ಒಬ್ಬ ಕರಿಯನನ್ನು ಎಳೆದೊಯ್ದರೆ ನಾಯಿ ಕೂಡ ಬೊಗಳುವುದಿಲ್ಲ.

ಥರ್ಬರ್ ಎದ್ದು ನಿಂತ. ಟೋಪಿಯನ್ನು ಎದೆಗೆ ಒತ್ತಿಕೊಂಡಿದ್ದ.

"ಹೇಳೋಕೆ ನನಗೆ ನೋವಾಗುತ್ತೆ ಸ್ವಾಮಿ. ಅವ್ನು ನಮ್ಮ ಮನೆಯೋನೇ. ಹೊರಗಿನ ಪುಂಡರ ಜೊತೆ ಸೇರ್ಕೊಂಡ. ಈ ಊರಲ್ಲಿ ಕಪ್ಪು ಮುಖದ ಗಂಡಸು ಇರೋನು ಒಬ್ಬನೇ." ಕೈ ಎತ್ತಿ ಅಟ್ಟದ ಕಡೆ ತೋರಿಸಿದ. ಜೂಬಾನ ಕಡೆ.

ಅಧಿಕಾರಿಗೆ ಏಟು ಬಿದ್ದ ಬೆಳಿಗ್ಗೆ ಗರಗಸದ ಸದ್ದು ಕೇಳಿದ್ದ ಊರು. ಗಂಡಸು, ಹೆಂಗಸು, ಮುದುಕ, ಮುದುಕಿ, ಎಲ್ಲರೂ ಕೇಳಿದ್ದರು. ಎಲ್ಲರೂ ಪ್ರಾರ್ಥನೆಯ ಪುಸ್ತಕ ನೋಡುತ್ತ ಕುಳಿತರು. ಇಬ್ಬರು ಬಂದೂಕಿನವರು ಅಟ್ಟದ ಏಣಿ ಹತ್ತಿದರು. ಜೂಬಾ ನನ್ನನ್ನು ನೋಡಿದ. ನಾನು ಎದ್ದು ನಿಂತೆ.

"ಹಚ್ಚಿದೋಳು ನಾನು!"

ನನ್ನ ದನಿಗೆ ನಾನೇ ಬೆಚ್ಚಿದೆ. ಆ ಮನೆಯ ತೊಲೆಗಳಿಗೆ ಬಡಿದು ವಾಪಸ್ ಬಂತು. ಕೆಳಗೆ ಎಲ್ಲ ನೆತ್ತಿಗಳೂ ಮುಖಗಳಾಗಿ ತಿರುಗಿದವು.

"ಕೂತ್ಕೋ! ದೇವರ ಮನೆ ಇದು," ಎಂದು ಪಾದ್ರಿ ಚೀರಿದ.

"ದೇವರ ಮನೆಯಾದ್ರೆ ಸುಳ್ಳು ಯಾಕೆ ಸ್ವಾಮಿ? ಮಸಿ ಕೆರೆದೋಳು ನಾನು. ರಾಳ ಕಲಸಿದೋಳು ನಾನು. ಈ ಕೈಯಲ್ಲಿ ಹದಿನೇಳು ಮುಖಕ್ಕೆ ಬಳಿದಿದೀನಿ. ನನ್ನ ಗಂಡ ಗಿರಣೀಲಿ ದುಡೀತಿದ್ದ. ಅದು ನಿಮ್ಮೆಲ್ಲರ ಕಿವಿಗೂ ಗೊತ್ತು. ಆ ಕಿವಿ ಹಿಂದೆ ಏನಿದೆ ಅಂತ ಒಬ್ಬರದೊಬ್ಬರು ನೋಡ್ಕೊಳ್ಳಿ."

ಒಂದು ಮಗು ಅಪ್ಪನ ಕಿವಿ ಹಿಡಿದು ಎಳೆದು ನೋಡಿತು. ಅವನು ಅದರ ಕೈಗೆ ಹೊಡೆದ.

ಅಧಿಕಾರಿ ಬೇರೆ ದಾರಿಯಿಲ್ಲದೆ ತಲೆ ಎತ್ತಿದ. "ಹೆಸರು ಹೇಳು. ಹದಿನೇಳೂ ಹೇಳು. ದೊರೆ ನಿನಗೆ ಇನಾಮು ಕೊಡ್ತಾನೆ."

"ನಿಮ್ಮ ದೊರೆಗಾ?" ನನಗೆ ನಗು ಬಂತು. ಆ ಹೊತ್ತಿನಲ್ಲಿ ನಗು! "ನಮ್ಮವ್ವನ್ನ ಹೊತ್ತು ತಂದದ್ದು ನಿಮ್ಮ ದೊರೆಯ ಬಾವುಟ ಹಾಕಿದ್ದ ಹಡಗು. ಕಂಬಕ್ಕೆ ಕಟ್ಟಿ ಹೊಡೆದ್ರಂತೆ. ಅವ್ನಿಗೆ ಕಂಬ ಸಿಗಲಿ ಅಂತ ನಾನು ಹೆಸರು ಹೇಳ್ಬೇಕಾ? ಹೇಳಲ್ಲ. ನಿಮಗಾಗಿ ನಾನು ಒಂದು ಹೆಸರೂ ಹೇಳಲ್ಲ."

ಕೆಳಗೆ ಥರ್ಬರನ ಭುಜ ಸ್ವಲ್ಪ ಸಡಿಲವಾಯಿತು. ನಾನು ಅಟ್ಟದ ಕಟಕಟೆ ಹಿಡಿದು ಕೆಳಗೆ ಬಗ್ಗಿದೆ.

"ಆದ್ರೆ ಧಣಿಗಳಿರಾ, ಜೂಬಾನ ಕೈಗೆ ಹಗ್ಗ ಬಿತ್ತೋ, ಆಗ ಹೇಳ್ತೀನಿ. ದೊರೆಗೋಸ್ಕರ ಅಲ್ಲ, ನನಗೋಸ್ಕರ. ಮೊದಲನೇ ಮುಖದಿಂದ ಶುರು ಮಾಡಿ ಹದಿನೇಳನೇದಕ್ಕೆ ನಿಲ್ಲಿಸ್ತೀನಿ. ಆ ನಾಚಿಕೆ ಬೇಡ ಅಂದ್ರೆ ನೀವೇ ಎದ್ದು ನಿಲ್ಲಿ. ನಾವು ಗುಲಾಮರಲ್ಲ ಅಂತ ನನ್ನ ಮುಂದೇನೇ ಮೇಜು ಗುದ್ದಿದ್ರಲ್ಲ. ಗುಲಾಮನ ಬೆನ್ನ ಹಿಂದೆ ಯಾಕೆ ಅವಿತ್ಕೋತೀರಿ? ಏಳಿ. ಎದ್ದು ನಿಲ್ಲಿ, ನೋಡೋಣ."

ಏಣಿಯ ಮೇಲಿದ್ದ ಬಂದೂಕಿನವರೂ ನಿಂತರು. ಹೊರಗೆ ಯಾರದೋ ಹಸು ಕೂಗುತ್ತಿತ್ತು.

ಕೋಲ್ಬಿ ಎದ್ದ. ಬೆಂಚು ಕಿರ್ರೆಂದಿತು.

"ಥೂ, ಇವಳ ಬಾಯಲ್ಲಿ ಅನ್ನಿಸ್ಕೊಳ್ಳೋದಕ್ಕಿಂತ ಜೈಲೇ ವಾಸಿ," ಎಂದ. "ನಾನಿದ್ದೆ. ನಾನು ಹೊಡೆದೆ. ಇನ್ನೂ ನಾಲ್ಕು ಜಾಸ್ತಿ ಹೊಡೀಬೇಕಿತ್ತು."

ಅವನ ಪಕ್ಕದವನು ಎದ್ದ. ಅವನ ಹಿಂದಿನವನು ಎದ್ದ. ಅಪ್ಪ ಎದ್ದದ್ದು ನೋಡಿ ಮಗ ಎದ್ದ. ಒಬ್ಬ ಅಳುತ್ತ ಎದ್ದ. ಹದಿನಾರು ಜನ ನಿಂತರು. ಥರ್ಬರ್ ಮಾತ್ರ ಕುಳಿತುಬಿಟ್ಟಿದ್ದ, ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು. ಹೆಂಗಸರ ಕಡೆಯಿಂದ ಅವನ ಹೆಂಡತಿ ಹೆಪ್ಸಿಬಾ ಅಮ್ಮನ ದನಿ ಕೇಳಿತು.

"ಏಳ್ರೀ. ಮೂರು ದಿನದಿಂದ ನಾನು ತಿಕ್ಕಿದ್ದು ಯಾರ ಮುಖಾನ? ಏಳ್ರೀ, ಮಾನ ಹೋಗ್ತಾ ಇದೆ."

ಥರ್ಬರ್ ಎದ್ದ.

ಅಧಿಕಾರಿ ಅವರನ್ನು ಕರೆದುಕೊಂಡು ಹೋದ. ಆಮೇಲೆ ಏನಾಯಿತು ಅಂತೀರಾ? ಏನೂ ಆಗಲಿಲ್ಲ. ನ್ಯಾಯಾಧೀಶ ಅವರ ಬಂಧುವಿಗೆ ಬಂಧು. ತಲೆಗಿಷ್ಟು ಅಂತ ಸಣ್ಣ ದಂಡ ಹಾಕಿ, ನಗುತ್ತ ಬಿಟ್ಟ. ಬೇಟೆಗೆ ಹೋದವರ ಹಾಗೆ ಡೋಲು ಹೊಡೆಸಿಕೊಂಡು ಊರಿಗೆ ಬಂದರು. ಅದೇ ತಪ್ಪಿಗೆ ಜೂಬಾ ಹೋಗಿದ್ದರೆ ಅಷ್ಟು ಹೊತ್ತಿಗೆ ಹಡಗಿನ ಹೊಟ್ಟೆಯಲ್ಲಿ ಸರಪಳಿ ಹಾಕಿಸಿಕೊಂಡಿರುತ್ತಿದ್ದ. ಆ ದಿನ ಹದಿನೇಳು ಜನಕ್ಕೂ ಊಟ ಬಡಿಸಿದವಳು ನಾನೇ. ಯಾರೂ ನನ್ನ ಮುಖ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಥರ್ಬರ್ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತ.

"ಕಟ್ಟೇಲಿ ನೀರು ಇರೋವರೆಗೆ ಅವ್ನು ಕೊಯ್ಲಿ. ನೀರು ಇಳಿದ ದಿನ ಬಂದರಿಗೆ ಕಳಿಸ್ತೀನಿ. ಕಬ್ಬಿನ ದ್ವೀಪದ ಹಡಗಿಗೆ ಹೇಳಿ ಕಳಿಸಿದೀನಿ. ಬಾಯಿ ಬಿಟ್ಟೋಳು ನೀನು, ಹೋಗೋನು ಅವ್ನು. ಅರ್ಥ ಆಯ್ತಾ?"

"ಆಯ್ತು," ಎಂದೆ.

ರೊಟ್ಟಿ ಒಲೆಯ ಮೇಲೇ ಬಿಟ್ಟೆ. ಅದು ಸೀಯಲಿ. ಇದ್ದ ಬಟ್ಟೆಯಲ್ಲೇ ಗಿರಣಿಗೆ ನಡೆದೆ. ಜೂಬಾ ಅರ್ಧ ದಿಮ್ಮಿ ಕೊಯ್ದಿದ್ದ. ಗರಗಸದ ಸದ್ದಿನಲ್ಲಿ ಅವನ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದೆ. ಅವನು ಕೇಳಿದ. ಮುಖದ ಮೇಲಿನ ಮರದ ಪುಡಿ ಒರೆಸಿಕೊಂಡ.

"ಅಂದ್ರೆ ನೀರು ಇಳಿಯೋವರೆಗೆ ಅವ್ನ ಮನೆ ತುಂಬಿಸ್ಬೇಕು. ಆಮೇಲೆ ನನ್ನೇ ಮಾರಿ ಇನ್ನೊಂದು ಸಲ ತುಂಬಿಸ್ಕೋತಾನೆ."

"ಹೂಂ."

ಜೂಬಾ ಹೋಗಿ ತೂಬು ಇಳಿಸಿದ. ಚಕ್ರ ನಿಧಾನವಾಯಿತು, ನಿಂತಿತು. ಗರಗಸ ದಿಮ್ಮಿಯ ನಡುವೆ ನಿಂತಿತು. ಅವನು ದಿಮ್ಮಿಯ ಮೇಲೆ ಕುಳಿತ. ನಾನೂ ಕುಳಿತೆ.

ನೀರಿರುವ ದಿನಗಳಲ್ಲಿ ಆ ಸದ್ದು ನಿಂತದ್ದು ಊರು ಕೇಳಿರಲೇ ಇಲ್ಲ. ಒಬ್ಬೊಬ್ಬರಾಗಿ ಹೊಳೆಗೆ ಇಳಿದು ಬಂದರು. ಕೋಲ್ಬಿ ಬಂದ. ಕೊನೆಗೆ ಥರ್ಬರ್ ಬಂದ, ಕೈಯಲ್ಲಿ ಎತ್ತಿನ ಚಾಟಿ.

"ತೂಬು ಎತ್ತು."

"ಎತ್ತಲ್ಲ."

"ಎತ್ತೋ ಅಂದೆ!"

"ನೀನೇ ಎತ್ಕೋ," ಎಂದ ಜೂಬಾ.

ಚಾಟಿ ಬಿತ್ತು. ಜೂಬಾನ ಭುಜದ ಬಟ್ಟೆ ಹರಿಯಿತು. ಅವನು ಏಳಲಿಲ್ಲ. ಇನ್ನೊಂದು ಬಿತ್ತು. ಕೆನ್ನೆ ಸೀಳಿ ರಕ್ತ ಬಂತು. ಏಳಲಿಲ್ಲ. ಮೂರನೆಯದಕ್ಕೆ ಜೂಬಾ ಎಡಗೈ ಎತ್ತಿ ಚಾಟಿಯ ತುದಿ ಹಿಡಿದ. ಮೂರು ಬೆರಳಿಗೆ ಸುತ್ತಿಕೊಂಡು ಒಂದೇ ಸಲ ಎಳೆದ. ಥರ್ಬರ್ ಮುಗ್ಗರಿಸಿ ಮರದ ಪುಡಿಯಲ್ಲಿ ಕೈಯೂರಿದ. ಜೂಬಾ ಅವನಿಗೆ ಹೊಡೆಯಲಿಲ್ಲ. ಹೊಡೆಯಬಹುದಿತ್ತು. ಚಾಟಿಯನ್ನು ನೀರಿಗೆ ಎಸೆದ.

"ನಡಿ ಜಿಲ್ಪಾ," ಎಂದ.

ನಾವು ಎದ್ದು ದಂಡೆ ಹತ್ತಿದೆವು. ಉತ್ತರಕ್ಕೆ ಹೋಗುವ ದಾರಿ ಊರಿನ ನಡುವಿನಿಂದಲೇ ಹೋಗುತ್ತದೆ. ಹಾಡಹಗಲು. ಜನ ಎರಡೂ ಬದಿಗೆ ನಿಂತಿದ್ದರು.

"ಹಿಡೀರೋ ಅವ್ರನ್ನ! ಕೋಲ್ಬಿ, ಹಿಡಿಯೋ!" ಥರ್ಬರ್ ಕಿರುಚುತ್ತಿದ್ದ.

ಕೋಲ್ಬಿಯ ಎದುರಿಗೆ ಬಂದಾಗ ನಾನು ಅವನ ಮುಖ ನೋಡಿದೆ. ರೆಪ್ಪೆಯ ಬುಡದಲ್ಲಿ ಇನ್ನೂ ಕರಿ ಇತ್ತು. ಅವನ ದಪ್ಪ ಕೈಗಳು ಪಕ್ಕದಲ್ಲಿ ಜೋತಾಡುತ್ತಿದ್ದವು. ಎತ್ತಲಿಲ್ಲ. ನಾಚಿಕೆಯೋ, ಭಯವೋ, ನನಗೆ ಗೊತ್ತಿಲ್ಲ. ಅಧಿಕಾರಿಯ ಹತ್ತಿರ ದೂರು ಕೊಡಲು ಥರ್ಬರನಿಗೂ ಬಾಯಿರಲಿಲ್ಲ. ದೊರೆಯ ದಿಮ್ಮಿಗಳೆಲ್ಲ ಹಲಗೆಯಾಗಿ ಅವನ ಕೊಟ್ಟಿಗೆಯಲ್ಲಿದ್ದವು. ಕೊಯ್ದವನು ಜೂಬಾ, ಅಡಗಿಸಿದ ಜಾಗ ಬಲ್ಲವಳು ನಾನು.

ಕೋಲ್ಬಿ ಒಂದು ಹೆಜ್ಜೆ ಹಿಂದಕ್ಕೆ ಸರಿದು ದಾರಿ ಬಿಟ್ಟ. ನಾವು ದಾಟಿದೆವು.

ಊರು ಮುಗಿದು ಕಾಡು ಶುರುವಾಗುವ ಏರು ಹತ್ತುತ್ತಿದ್ದಾಗ ಕೆಳಗೆ ಚಕ್ರ ತಿರುಗುವ ಸದ್ದು ಕೇಳಿತು. ಥರ್ಬರ್ ತಾನೇ ತೂಬು ಎತ್ತಿದ್ದ. ಗರಗಸ ಎರಡು ಸಲ ಕೆಮ್ಮಿತು. ಆಮೇಲೆ ಫಟ್ ಎಂದು ಒಂದು ಸದ್ದು ಬಂತು. ಗುಡ್ಡಕ್ಕೆ ಬಡಿದು ಎರಡು ಸಲ ಕೇಳಿಸಿತು.

ಜೂಬಾ ನಿಂತು ಕಿವಿಗೊಟ್ಟ. "ಅಲಗು ಮುರೀತು," ಎಂದ. "ಕೊಯ್ತಾ ನಿಂತ ದಿಮ್ಮೀನ ಮೊದ್ಲು ಹಿಂದಕ್ಕೆ ಎಳೀಬೇಕು. ಹಾಗೇ ತೂಬು ಎತ್ತಿದ್ರೆ ಕಚ್ಕೊಂಡು ಮುರಿಯುತ್ತೆ. ಅಷ್ಟೂ ಗೊತ್ತಿಲ್ಲ ಅವ್ನಿಗೆ."

"ಹೋಗಿ ಹೇಳ್ಕೊಟ್ಟು ಬರ್ತೀಯಾ?" ಎಂದು ಕೇಳಿದೆ.

ಅವನು ಕೆನ್ನೆಯ ರಕ್ತವನ್ನು ತೋಳಿನಿಂದ ಒರೆಸಿಕೊಂಡ.

"ಅವ್ರು ಸ್ವತಂತ್ರರಾಗ್ಬೇಕಂತಲ್ಲ," ಎಂದ. "ಆಗ್ಲಿ. ಮೊದ್ಲು ಕೆಲಸ ಕಲೀಲಿ."